ಬುದ್ಧಿಹಲ್ಲು: ಕೀಳಬೇಕೇ, ಬಿಡಬೇಕೇ?

ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರಕ್ಕೆ ಸೈನ್ಯ ಸೇರಲೆಂದು ಬರುವ ಹುಡುಗನ ಎತ್ತರ, ತೂಕ, ಎದೆಯ ಸುತ್ತಳತೆ ನೋಡುತ್ತಾರೆಂಬುದು ಎಲ್ಲರಿಗೂ ಗೊತ್ತು. ಅವನ ಬಾಯಿ ತೆರೆಸಿ ಹಲ್ಲುಗಳಿಗೂ ಅಂಕ ಹಾಕುತ್ತಾರೆಂಬುದು ಅಷ್ಟಾಗಿ ಗೊತ್ತಿಲ್ಲ. ಸೇನೆಯ ವೈದ್ಯಕೀಯ ನಿಯಮದಂತೆ ಮುಂದಿನ ಬಾಚಿಹಲ್ಲು, ಕೋರೆಹಲ್ಲು, ಅದರ ಪಕ್ಕದ ಎರಡು ಸಣ್ಣ ದವಡೆಹಲ್ಲು ಇವಕ್ಕೆ ತಲಾ ಒಂದು ಅಂಕ. ಹಿಂದಿನ ದೊಡ್ಡ ದವಡೆಹಲ್ಲುಗಳಿಗೆ ತಲಾ ಎರಡು. ಮೇಲಿನ ಹಲ್ಲು ಕೆಳಗಿನ ಜೋಡಿ ಹಲ್ಲಿಗೆ ಸರಿಯಾಗಿ ಕೂತರೆ ಮಾತ್ರ ಆ ಜೋಡಿಗೆ ಅಂಕ ಸಿಗುತ್ತದೆ. 32 ಹಲ್ಲೂ ನೆಟ್ಟಗಿದ್ದರೆ ಒಟ್ಟು 22 ಅಂಕ. ತೇರ್ಗಡೆಗೆ ಕನಿಷ್ಠ 14 ಬೇಕು. ಈ ಲೆಕ್ಕದಲ್ಲಿ ಒಂದೇ ಒಂದು ಹಲ್ಲಿಗೆ ಎರಡು ಬೆಲೆ. ಸಾಲಿನ ಕಟ್ಟಕಡೆಯ ಹಲ್ಲು ಪೂರ್ತಿ ಬೆಳೆದಿದ್ದರೆ ಎರಡು ಅಂಕ, ಬೆಳವಣಿಗೆ ಅರ್ಧವಾಗಿದ್ದರೆ ಒಂದು. ಹದಿನೆಂಟರ ಹುಡುಗನ ಬಾಯಲ್ಲಿ ಆ ಹಲ್ಲು ಬಂದಿರಬಹುದು, ಬರುತ್ತಿರಬಹುದು, ಬರದೆಯೂ ಇರಬಹುದು. ಅದನ್ನು ಬಲ್ಲ ಮಿಲಿಟರಿಯವರು ನಿಯಮದಲ್ಲೇ ಜಾಗ ಬಿಟ್ಟಿದ್ದಾರೆ.

ಅದೇ ಬುದ್ಧಿಹಲ್ಲು. ನಡುಬಾಯಿಯಿಂದ ಎಣಿಸಿದರೆ ಎಂಟನೆಯದು, ಎಲ್ಲಕ್ಕಿಂತ ಕೊನೆಗೆ ಬರುವಂಥದು.

1809ರಲ್ಲಿ ಬ್ರಿಟಿಷರು ಹಲಸೂರಿನ ಮಗ್ಗುಲಲ್ಲಿ ದಂಡು ಕಟ್ಟಿದಾಗಿನಿಂದ ಈ ಭಾಗದಲ್ಲಿ ತಮಿಳು, ಉರ್ದು, ಕನ್ನಡ, ತೆಲುಗು, ಇಂಗ್ಲಿಷು ಒಂದೇ ಬೀದಿಯಲ್ಲಿ ಓಡಾಡಿಕೊಂಡು ಬಂದಿವೆ. ಶಿವಾಜಿನಗರದ ಚಿಕಿತ್ಸಾಲಯವೊಂದರ ಬೆಂಚಿನ ಮೇಲೆ ಕೆನ್ನೆ ಹಿಡಿದು ಕುಳಿತವರನ್ನು ಕೇಳಿನೋಡಿ. ಒಬ್ಬರು ‘ಅಕಲ್ ದಾಢ್’ ಎನ್ನುತ್ತಾರೆ, ಇನ್ನೊಬ್ಬರು ‘ಞಾನಪ್ಪಲ್’, ಮತ್ತೊಬ್ಬರು ‘ಜ್ಞಾನದಂತಂ’, ನಮ್ಮವರು ‘ಬುದ್ಧಿಹಲ್ಲು’. ‘ವಿಸ್‌ಡಮ್ ಟೂತ್’ ಅಂತೂ ಎಲ್ಲರಿಗೂ ಬರುತ್ತದೆ. ಭಾಷೆ ಐದು, ಅರ್ಥ ಒಂದೇ: ಬುದ್ಧಿ ಬಲಿಯುವ ವಯಸ್ಸಿನಲ್ಲಿ ಹುಟ್ಟುವ ಹಲ್ಲು. ಎಲ್ಲ ಜನರೂ ಇಷ್ಟು ಉದಾರಿಗಳಲ್ಲ. ತುರ್ಕರು ಅದನ್ನು ಸುಮ್ಮನೆ ‘ಇಪ್ಪತ್ತರ ಹಲ್ಲು’ ಎಂದರು. ಕೊರಿಯಾದವರು ಪ್ರೀತಿ ಹುಟ್ಟುವ ವಯಸ್ಸಿನದೆಂದು ‘ಪ್ರೀತಿಹಲ್ಲು’ ಎಂದರು. ಜಪಾನಿನವರು ಕೊಟ್ಟ ಹೆಸರಿಗೆ ‘ಅಪ್ಪ ಅಮ್ಮನಿಗೆ ಗೊತ್ತಿಲ್ಲದ್ದು’ ಎಂದು ಅರ್ಥ. ಹಾಲುಹಲ್ಲು ಬಂದದ್ದನ್ನು ತಾಯಿ ನೋಡಿ ಊರಿಗೆಲ್ಲ ಹೇಳುತ್ತಾಳೆ. ಈ ಹಲ್ಲು ಬರುವ ಹೊತ್ತಿಗೆ ಮಗ ಹಾಸ್ಟೆಲಿನಲ್ಲಿರುತ್ತಾನೆ.

ಹೆಸರಿನ ಮಾತು ಹಾಗಿರಲಿ. ಈ ಹಲ್ಲು ಕೊನೆಗೆ ಬಂದರೂ ಅದರ ಸಿದ್ಧತೆ ಬಹಳ ಮೊದಲೇ ಶುರುವಾಗುತ್ತದೆ. ಮಗುವಿಗೆ ಎಂಟೊಂಬತ್ತು ವರ್ಷವಾಗುವಾಗಲೇ ದವಡೆಯ ಮೂಳೆಯೊಳಗೆ ಅದರ ತಲೆ ಗಟ್ಟಿಯಾಗತೊಡಗುತ್ತದೆ. ಆರನೆಯ ವರ್ಷಕ್ಕೆ ಮೊದಲ ದೊಡ್ಡ ದವಡೆಹಲ್ಲು, ಹನ್ನೆರಡಕ್ಕೆ ಎರಡನೆಯದು ಹೊರಬರುತ್ತವೆ. ಮೂರನೆಯದಾದ ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ರ ಒಳಗೆ ಬರುತ್ತದೆ. ಅದರ ಬೇರು ಪೂರ್ತಿಯಾಗುವುದು ಇನ್ನೂ ತಡ. ವಯಸ್ಸಿನ ಅಂದಾಜಿಗೆ ಬೇರೆಲ್ಲ ಹಲ್ಲುಗಳ ಸಾಕ್ಷ್ಯ ಮುಗಿದ ಮೇಲೂ ಇದೊಂದು ಉಳಿದಿರುವುದರಿಂದ ನ್ಯಾಯವೈದ್ಯರಿಗೆ ಇದರ ಮೇಲೆ ಕಣ್ಣು. ಆರೋಪಿ ಬಾಲಕನೋ ಅಲ್ಲವೋ ಎಂಬ ಪ್ರಶ್ನೆ ಎದ್ದಾಗ 2015ರ ಬಾಲನ್ಯಾಯ ಕಾಯಿದೆ ಮೊದಲು ಶಾಲೆಯ ದಾಖಲೆ, ಆಮೇಲೆ ಜನನ ಪ್ರಮಾಣಪತ್ರ ಕೇಳುತ್ತದೆ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಗಲೂ ಎಂಟು ವರ್ಷಗಳ ಅಂತರದಲ್ಲಿ ಯಾವಾಗ ಬೇಕಾದರೂ ಬರಬಹುದಾದ ಹಲ್ಲೊಂದನ್ನೇ ನಂಬಿ ಯಾರದೇ ಹಣೆಬರಹ ನಿರ್ಧರಿಸುವುದು ಕಷ್ಟವೇ ಸರಿ.

ಹಾಗಾದರೆ ಅದು ಸಿಕ್ಕಿಹಾಕಿಕೊಳ್ಳುವುದೇಕೆ? ಜಾಗವಿಲ್ಲ. ಹಸಿ ಬೇರು, ಗಟ್ಟಿ ಕಾಳು, ನಾರಿನ ಮಾಂಸ ಅಗಿಯುತ್ತಿದ್ದ ಕಾಲದ ಮನುಷ್ಯನ ದವಡೆ ಉದ್ದವಾಗಿತ್ತು. ಬೆಂಕಿ ಬಂತು, ಮಡಕೆ ಬಂತು, ಬೀಸುವ ಕಲ್ಲು ಬಂತು. ಬಾಯಿ ಮಾಡಬೇಕಾದ ಕೆಲಸವನ್ನು ಒಲೆಯೂ ಒರಳೂ ಮಾಡಿದವು. ದವಡೆ ಕೆಲಸ ಮಾಡಿದಷ್ಟೂ ಬೆಳೆಯುವ ಮೂಳೆ. ಮೆತ್ತನೆಯ ಊಟದ ತಲೆಮಾರುಗಳಲ್ಲಿ ಅದು ಚಿಕ್ಕದಾಯಿತು, ಹಲ್ಲಿನ ಗಾತ್ರ ಅಷ್ಟೇ ವೇಗದಲ್ಲಿ ಕುಗ್ಗಲಿಲ್ಲ. ರಾಗಿಮುದ್ದೆಯನ್ನು ಅಗಿದು ತಿನ್ನುವವನನ್ನು ನೋಡಿ ನಗುವ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆಲವರಲ್ಲಿ ಪ್ರಕೃತಿ ಆ ಹಲ್ಲನ್ನೇ ಕೈಬಿಟ್ಟಿದೆ: ಪ್ರಪಂಚದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ಹುಟ್ಟುವುದೇ ಇಲ್ಲ. ಅದರಿಂದ ಅವರ ಬುದ್ಧಿಗೇನೂ ಕೊರತೆಯಾದದ್ದು ಕಂಡುಬಂದಿಲ್ಲ. ಇನ್ನು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹಲ್ಲು ಹುಟ್ಟಿಯೂ ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಹಲ್ಲಿನ ಕಡೆಗೆ ವಾಲಿ ಅದರ ಬೆನ್ನಿಗೆ ತಲೆ ಒತ್ತಿ ನಿಲ್ಲುವುದೇ ಹೆಚ್ಚು. ಕೆಲವು ಪೂರ್ತಿ ಅಡ್ಡ ಮಲಗಿಬಿಡುತ್ತವೆ. ಕೆಲವು ನೆಟ್ಟಗೇ ಇದ್ದರೂ ವಸಡಿನ ಕೆಳಗೇ ಉಳಿಯುತ್ತವೆ.

ಪೂರ್ತಿ ಒಳಗೇ ಹುದುಗಿದ ಹಲ್ಲು ಬಹುಮಟ್ಟಿಗೆ ನಿರುಪದ್ರವಿ. ಪೂರ್ತಿ ಹೊರಬಂದದ್ದೂ ಅಷ್ಟೇ. ತೊಂದರೆ ಕೊಡುವುದು ಅರ್ಧ ಬಂದ ಹಲ್ಲು. ಅದರ ತಲೆಯ ಮೇಲೆ ವಸಡಿನ ಮಡಿಕೆಯೊಂದು ಮುಸುಕಿನಂತೆ ಉಳಿಯುತ್ತದೆ. ಆ ಮುಸುಕಿನಡಿ ಅನ್ನದ ಅಗುಳು ಸೇರುತ್ತದೆ, ಬ್ರಷ್ಷು ತಲುಪುವುದಿಲ್ಲ, ಕೊಳೆಯುತ್ತದೆ, ಊದಿಕೊಳ್ಳುತ್ತದೆ. ಊದಿದ ಮಡಿಕೆಯನ್ನು ಮೇಲಿನ ಹಲ್ಲು ಪ್ರತಿ ತುತ್ತಿಗೂ ಕಚ್ಚುತ್ತದೆ. ಇದು ಹೊಸ ರೋಗವಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ದವಡೆಯ ಕಟ್ಟಕಡೆಯ ಹಲ್ಲಿನಲ್ಲಿ ದೊಡ್ಡ ಊತ, ತೀವ್ರ ನೋವು, ಸುರಿಯುವ ಜೊಲ್ಲು ಇರುವ ವ್ಯಾಧಿಗೆ ‘ಅಧಿಮಾಂಸ’ ಎಂಬ ಹೆಸರಿದೆ. ಆ ಹೆಚ್ಚಿನ ಮಾಂಸವನ್ನು ಕತ್ತರಿಸಿ ತೆಗೆದು ಬಜೆ ಮುಂತಾದವುಗಳ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚುವುದು ಅಲ್ಲಿ ಹೇಳಿದ ಚಿಕಿತ್ಸೆ. ಹೆಚ್ಚಿನ ಹಲ್ಲೊಂದು ತೀವ್ರ ವೇದನೆಯೊಂದಿಗೆ ಹುಟ್ಟುವುದನ್ನೂ, ಹುಟ್ಟಿದ ಮೇಲೆ ನೋವು ಅಡಗುವುದನ್ನೂ ಅದೇ ಗ್ರಂಥ ‘ವರ್ಧನ’ ಎಂದು ಬೇರೆಯಾಗಿ ಗುರುತಿಸಿದೆ. ಇಂದಿನ ದಂತವೈದ್ಯರು ಮುಸುಕನ್ನು ಕತ್ತರಿಸುವುದು ಹಲ್ಲು ನೆಟ್ಟಗಿದ್ದು ಹೊರಬರಲು ಜಾಗ ಇದ್ದಾಗ ಮಾತ್ರ. ಜಾಗವಿಲ್ಲದ ಕಡೆ ಕತ್ತರಿಸಿದರೆ ಅದು ಮತ್ತೆ ಬೆಳೆದು ಮುಚ್ಚಿಕೊಳ್ಳುತ್ತದೆ.

ಜನ ಇದನ್ನು ತಾಳಿಕೊಳ್ಳುವ ಬಗೆಯೇ ಅಪಾಯದ್ದು. ಮೊದಲು ಲವಂಗದ ಎಣ್ಣೆ, ಆಮೇಲೆ ಮೆಡಿಕಲ್ ಷಾಪಿನವರೇ ಕೊಟ್ಟ ನಾಲ್ಕು ಮಾತ್ರೆ. ಎರಡು ದಿನಕ್ಕೆ ನೋವು ಇಳಿಯುತ್ತದೆ, ಮಾತ್ರೆ ನಿಲ್ಲುತ್ತದೆ. ತಿಂಗಳ ಮೇಲೆ ಮತ್ತೆ ಅದೇ. ಹಲ್ಲಿನ ಪಕ್ಕಕ್ಕೆ ಆಸ್ಪಿರಿನ್ ಗುಳಿಗೆ ಒತ್ತಿ ಮಲಗುವವರುಂಟು, ಹೊಗೆಸೊಪ್ಪೋ ನಶ್ಯವೋ ತುರುಕುವವರುಂಟು. ಆಸ್ಪಿರಿನ್ ಹೊಟ್ಟೆಗೆ ಹೋಗಿ ರಕ್ತದಲ್ಲಿ ಬೆರೆತರೆ ಕೆಲಸ ಮಾಡುವ ಔಷಧ. ವಸಡಿನ ಮೇಲಿಟ್ಟರೆ ಚರ್ಮ ಸುಟ್ಟು ಬೆಳ್ಳಗಾಗುತ್ತದೆ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವುದು ಇನ್ನೊಂದು ಅಭ್ಯಾಸ. ಕೀವಿದ್ದಲ್ಲಿ ಅದು ಬೇಡ.

ಅಪಾಯ ಎಂದದ್ದಕ್ಕೆ ಕಾರಣ ಬಾಯಿಯ ರಚನೆಯಲ್ಲೇ ಇದೆ. ನಾಲಿಗೆಯ ಕೆಳಗೆ ಸ್ನಾಯುವಿನ ಪದರವೊಂದು ದವಡೆಯಿಂದ ದವಡೆಗೆ ಜೋಳಿಗೆಯಂತೆ ಕಟ್ಟಿಕೊಂಡಿದೆ. ಅದೇ ಬಾಯಿಯ ನೆಲ. ಮುಂದಿನ ಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ಆ ನೆಲಕ್ಕಿಂತ ಮೇಲಿರುತ್ತದೆ. ಅಲ್ಲಿ ಕೀವಾದರೆ ಬಾಯೊಳಗೇ ಗುಳ್ಳೆಯಾಗಿ ಒಡೆಯುತ್ತದೆ. ಕೊನೆಯ ಎರಡು ದವಡೆಹಲ್ಲುಗಳ ಬೇರಿನ ತುದಿ ನೆಲಕ್ಕಿಂತ ಕೆಳಗಿರುತ್ತದೆ. ಅಲ್ಲಿಯ ಕೀವಿಗೆ ದಾರಿ ಕುತ್ತಿಗೆಯ ಕಡೆಗೆ. ಎರಡೂ ಬದಿ ಗದ್ದದಡಿ ಗಟ್ಟಿಯಾಗಿ ಊದಿ, ನಾಲಿಗೆ ಮೇಲಕ್ಕೆದ್ದು, ಉಸಿರಿನ ದಾರಿ ಕಟ್ಟುವ ಈ ಸ್ಥಿತಿಯನ್ನು 1836ರಲ್ಲಿ ಜರ್ಮನಿಯ ವೈದ್ಯ ಲೂಡ್ವಿಗ್ ವರ್ಣಿಸಿದರು, ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಪೆನ್ಸಿಲಿನ್ ಬರುವ ಮುಂಚೆ ಅದು ಬಂದವರಲ್ಲಿ ಬಹಳ ಮಂದಿ ಉಳಿಯುತ್ತಿರಲಿಲ್ಲ. ಈಗಲೂ ಅಪರೂಪವಾದರೂ ಕೊಲ್ಲಬಲ್ಲದು. ಜ್ವರದೊಂದಿಗೆ ಗದ್ದದಡಿ ಊತ, ನುಂಗಲು ಕಷ್ಟ, ದನಿ ಮಂದವಾಗುವುದು, ನಾಲಿಗೆ ಎತ್ತಿದಂತಾಗುವುದು ಇವು ಕಂಡರೆ ಬೆಳಗಾಗಲೆಂದು ಕಾಯಬಾರದು. ದಂತವೈದ್ಯರ ಅಂಗಡಿಯಲ್ಲ, ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕು. ಈ ಭಾಗದವರಿಗೆ ಬೌರಿಂಗ್ ಹತ್ತಿರ.

ಬೌರಿಂಗ್ ಆಸ್ಪತ್ರೆ 1860ರ ದಶಕದ್ದು. ಆಗ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರು ಹೊತ್ತದ್ದು. ಆದರೆ ದಂಡಿನ ಪ್ರದೇಶದಲ್ಲಿ ಹಲ್ಲಿನ ಮಾತಿಗೆ ನೆನಪಾಗುತ್ತಿದ್ದುದು ಆಸ್ಪತ್ರೆಯಷ್ಟೇ ಚೀನೀ ದಂತವೈದ್ಯರೂ ಹೌದು. ಚೀನಾದ ಹುಬೇ ಪ್ರಾಂತ್ಯದಿಂದ ಭಾರತಕ್ಕೆ ವಲಸೆ ಬಂದವರಲ್ಲಿ ಹಲ್ಲಿನ ಕೆಲಸ ಕುಲಕಸುಬಿನಂತೆ ನಡೆದುಬಂತು. ಕಲ್ಕತ್ತೆಯಂತೆ ಶಿವಾಜಿನಗರದ ಆಸುಪಾಸಿನಲ್ಲೂ ಅವರ ಫಲಕಗಳಿದ್ದವು. ತಂದೆಯಿಂದ ಮಗ ಕಲಿತ ಕೈ. ಇಂಥವರನ್ನು ಏನು ಮಾಡಬೇಕೆಂಬುದು ಸ್ವತಂತ್ರ ಭಾರತದ ಮುಂದೆ ಬಂದ ಪ್ರಶ್ನೆಗಳಲ್ಲಿ ಒಂದು. 1948ರ ದಂತವೈದ್ಯರ ಕಾಯಿದೆ ಎರಡು ಪಟ್ಟಿ ಮಾಡಿತು: ಪದವಿ ಪಡೆದವರದು ‘ಎ’ ಭಾಗ, ಪದವಿಯಿಲ್ಲದಿದ್ದರೂ ಕನಿಷ್ಠ ಐದು ವರ್ಷ ಅದನ್ನೇ ಮುಖ್ಯ ಜೀವನೋಪಾಯವಾಗಿ ಮಾಡಿಕೊಂಡಿದ್ದವರದು ‘ಬಿ’ ಭಾಗ. ಇದ್ದವರ ಅನ್ನ ಕಸಿಯದೆ ಹೊಸಬರಿಗೆ ಬಾಗಿಲು ಹಾಕಿದ ಈ ಏರ್ಪಾಡು ಜಾಣತನದ್ದೇ. ಆದರೆ ಆಗ ಪದವಿ ಕೊಡುವ ಕಾಲೇಜುಗಳಾದರೂ ಎಷ್ಟಿದ್ದವು? ಕಲ್ಕತ್ತೆಯಲ್ಲಿ ಡಾ. ರಫಿಯುದ್ದೀನ್ ಅಹಮದ್ ದೇಶದ ಮೊದಲ ದಂತ ಕಾಲೇಜನ್ನು ತೆರೆದದ್ದು 1920ರಲ್ಲಿ. ಬೆಂಗಳೂರಿಗೆ ಸರ್ಕಾರಿ ದಂತ ಕಾಲೇಜು ಬಂದದ್ದು 1958ರಲ್ಲಿ, ಅದೂ ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ. ಅಲ್ಲಿಯವರೆಗೆ, ಅದಾದ ಮೇಲೂ ಬಹುಕಾಲ, ಊರಿನ ಹಲ್ಲುಗಳನ್ನು ಕಾಪಾಡಿದ್ದು ಈ ‘ಬಿ’ ಭಾಗದ ಕೈಗಳೇ. ಇಂದು ಪೂರ್ವದಲ್ಲೇ ಕುಕ್‌ಟೌನಿನಲ್ಲಿ, ವೈಟ್‌ಫೀಲ್ಡಿನಲ್ಲಿ ದಂತ ಕಾಲೇಜುಗಳಿವೆ. ವಿಮೆಯಿರುವ ಕಾರ್ಖಾನೆ ಕಾರ್ಮಿಕರಿಗೆ ಇಂದಿರಾನಗರದಲ್ಲಿ ಇಎಸ್‌ಐ ಆಸ್ಪತ್ರೆಯಿದೆ.

ಹೀಗೆ ಹೇಳಿದರೆ ಸ್ವಲ್ಪ ಅತಿಶಯವಾದೀತು, ಆದರೂ ಹೇಳಬಹುದು: ಶಿವಾಜಿನಗರದಲ್ಲಿ ಬುದ್ಧಿಹಲ್ಲನ್ನು ಬಹಳ ತಡವಾಗಿ ಕೀಳಿಸುತ್ತಾರೆ, ಇಂದಿರಾನಗರದಲ್ಲಿ ಬಹಳ ಬೇಗ. ಒಂದು ಕಡೆ ದಿನಗೂಲಿ ತಪ್ಪುತ್ತದೆಂಬ ಚಿಂತೆ, ‘ಕಣ್ಣಿನ ನರಕ್ಕೆ ಏಟು ಬೀಳುತ್ತದೆ’ ಎಂಬ ಹೆದರಿಕೆ. ಇನ್ನೊಂದು ಕಡೆ ಅಮೆರಿಕಕ್ಕೆ ಓದಲು ಹೊರಟ ಮಗಳು, ಅಲ್ಲಿ ಹಲ್ಲಿನ ವೆಚ್ಚ ದುಬಾರಿ, ಆದ್ದರಿಂದ ನೋವಿರಲಿ ಬಿಡಲಿ ನಾಲ್ಕನ್ನೂ ತೆಗೆಸಿ ಕಳುಹಿಸೋಣವೆಂಬ ದೂರಾಲೋಚನೆ. ಕಣ್ಣಿನ ಭಯಕ್ಕೆ ಆಧಾರವಿಲ್ಲ. ದೃಷ್ಟಿಯ ನರವೇ ಬೇರೆ, ಅದರ ದಾರಿಯೇ ಬೇರೆ. ದೂರಾಲೋಚನೆಗೆ ಇರುವ ಆಧಾರವೂ ಜನ ತಿಳಿದಷ್ಟು ಗಟ್ಟಿಯಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2000ದಲ್ಲಿ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕೀಳುವುದನ್ನು ನಿಲ್ಲಿಸಬೇಕೆಂದು ಹೇಳಿತು. ಇದಕ್ಕೆ ತಕರಾರೂ ಇದೆ. ಮುಂದಕ್ಕೆ ವಾಲಿದ ಹಲ್ಲನ್ನು ಬಿಟ್ಟರೆ ಅದು ಒರಗಿದ ಏಳನೆಯ ಹಲ್ಲಿನ ಬೆನ್ನಿನಲ್ಲಿ ಸದ್ದಿಲ್ಲದೆ ಹುಳುಕು ಹಿಡಿಯುತ್ತದೆ, ಗೊತ್ತಾಗುವ ಹೊತ್ತಿಗೆ ಎರಡೂ ಹೋಗುತ್ತವೆ ಎನ್ನುತ್ತಾರೆ ಶಸ್ತ್ರವೈದ್ಯರು. ಮಾತು ನಿಜ. ಇದಕ್ಕೆ ಪರಿಹಾರ ಎಲ್ಲವನ್ನೂ ಕೀಳುವುದಲ್ಲ, ಅಂಥ ಹಲ್ಲನ್ನು ವರ್ಷ ಎರಡು ವರ್ಷಕ್ಕೊಮ್ಮೆ ನೋಡಿಸುತ್ತಿರುವುದು. ಇನ್ನೊಂದು ಕಾರಣವನ್ನು ಧೈರ್ಯವಾಗಿ ಬದಿಗಿಡಬಹುದು. ಬುದ್ಧಿಹಲ್ಲು ತಳ್ಳಿದ್ದರಿಂದ ಮುಂದಿನ ಹಲ್ಲು ಸೊಟ್ಟಗಾಯಿತು ಎಂಬ ಮಾತು ಹಳೆಯದು. ಬುದ್ಧಿಹಲ್ಲು ಹುಟ್ಟದವರಲ್ಲೂ ವಯಸ್ಸಾದಂತೆ ಕೆಳಗಿನ ಮುಂಹಲ್ಲುಗಳು ಒತ್ತೊತ್ತಾಗುತ್ತವೆ.

ಕೀಳಲೇಬೇಕಾದವು ಯಾವುವು? ಮುಸುಕಿನ ಊತ ಮತ್ತೆ ಮತ್ತೆ ಬರುವುದು, ದುರಸ್ತಿಯಾಗದ ಹುಳುಕು, ಪಕ್ಕದ ಹಲ್ಲಿಗೆ ಹಾನಿ, ಸುತ್ತ ನೀರುಗುಳ್ಳೆ ಬೆಳೆದು ದವಡೆಯ ಮೂಳೆ ಟೊಳ್ಳಾಗುತ್ತಿರುವುದು. ತೆಗೆಯಲೇಬೇಕಾದರೆ ಇಪ್ಪತ್ತರ ಆಸುಪಾಸು ಒಳ್ಳೆಯದು, ಮೂಳೆ ಮೆತ್ತಗಿರುತ್ತದೆ. ನಲವತ್ತರ ಮೇಲೆ ಕೆಲಸವೂ ಕಷ್ಟ, ಮಾಯುವುದೂ ನಿಧಾನ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಬಾಯಿ ಬಿಡಲಾಗುತ್ತಿಲ್ಲ, ಬುದ್ಧಿಹಲ್ಲು ಬರುತ್ತಿರಬೇಕು’ ಎಂದುಕೊಂಡು ಬರುವ ಹುಡುಗರಲ್ಲಿ ಕೆಲವರಿಗೆ ಬುದ್ಧಿಹಲ್ಲಿನ ತೊಂದರೆಯೇ ಇರುವುದಿಲ್ಲ. ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲಾದರೆ ಸಾಮಾನ್ಯವಾಗಿ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ. ಬುದ್ಧಿಹಲ್ಲಿನಿಂದ ಬಾಯಿ ಬಿಗಿದರೆ ಅದು ಎರಡು ಮೂರು ದಿನದಲ್ಲಿ, ನೋವಿನೊಂದಿಗೆ ಬರುತ್ತದೆ, ಊತ ಇಳಿದರೆ ಹೋಗುತ್ತದೆ. ಅಡಿಕೆ, ಪಾನ್ ಮಸಾಲ, ಗುಟ್ಕಾ ಜಗಿಯುವವನ ಬಾಯಿ ತಿಂಗಳುಗಟ್ಟಲೆ ನಿಧಾನವಾಗಿ, ನೋವೇ ಇಲ್ಲದೆ ಮುಚ್ಚಿಕೊಳ್ಳುತ್ತದೆ. ಮೊದಲು ಖಾರ ತಾಳುವುದಿಲ್ಲ, ಆಮೇಲೆ ಕೆನ್ನೆಯ ಒಳಚರ್ಮ ಬಿಳಿಚಿ ಹಗ್ಗದಂತೆ ಬಿಗಿಯುತ್ತದೆ. ಇದನ್ನು ಆಧುನಿಕ ವೈದ್ಯಶಾಸ್ತ್ರ ಮೊದಲು ಗಮನಿಸಿದ್ದು 1952ರಲ್ಲಿ, ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ. ಅಡಿಕೆ ನಮ್ಮವರ ಜೊತೆ ಕಡಲು ದಾಟಿತ್ತು. ಈ ಬಿಗಿತ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು, ಬೆರೆಸುವ ಕೆಲಸ ಗಿರಾಕಿಯ ಪಾಲಿಗೆ. ಮೂರು ವಾರವಾದರೂ ಮಾಯದ ಹುಣ್ಣು ಅಥವಾ ಕಾರಣವಿಲ್ಲದೆ ಕಿರಿದಾಗುತ್ತಿರುವ ಬಾಯಿಗೆ ನೋವಿನ ಮಾತ್ರೆ ಉತ್ತರವಲ್ಲ. ದಂತವೈದ್ಯರು ನೋಡಬೇಕು, ಅವರು ಹೇಳಿದರೆ ಕಿದ್ವಾಯಿ ಆಸ್ಪತ್ರೆಗೂ ಹೋಗಬೇಕು.

ಇನ್ನು ಕೀಳುವ ವಿಷಯ. ಮೊದಲು ಎಕ್ಸ್‌ರೇ, ಎರಡೂ ದವಡೆ ಒಂದೇ ಪಟದಲ್ಲಿ ಕಾಣುವ ‘ಓಪಿಜಿ’ ಸಾಕಾಗುತ್ತದೆ. ಅದರಲ್ಲಿ ವೈದ್ಯರು ಹುಡುಕುವುದು ಹಲ್ಲನ್ನಷ್ಟೇ ಅಲ್ಲ. ಕೆಳದವಡೆಯ ಮೂಳೆಯೊಳಗೆ ಕಾಲುವೆಯಂತೆ ಸಾಗುವ ನರವೊಂದಿದೆ. ಕೆಳತುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವುದು ಅದೇ. ಬುದ್ಧಿಹಲ್ಲಿನ ಬೇರು ಅದಕ್ಕೆ ತಾಗಿಕೊಂಡಿದ್ದರೆ ಕಿತ್ತ ಮೇಲೆ ತುಟಿ ಕೆಲವು ವಾರ, ಕೆಲವು ತಿಂಗಳು ಜೋಮು ಹಿಡಿದಂತಿರಬಹುದು, ಬಹಳ ಅಪರೂಪಕ್ಕೆ ಹಾಗೇ ಉಳಿಯಬಹುದು. ಅಂಥ ಕಡೆ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಮೂಳೆಯಲ್ಲೇ ಬಿಡುವ ಕ್ರಮವೂ ಇದೆ. ಇದನ್ನು ಮೊದಲೇ ಹೇಳುವ ವೈದ್ಯರು ಹೆದರಿಸುತ್ತಿದ್ದಾರೆಂದು ತಿಳಿಯಬಾರದು, ಹೇಳದವರ ಬಗ್ಗೆ ಯೋಚಿಸಬೇಕು. ರೋಗಿಯೂ ತನ್ನ ಪಾಲಿನದನ್ನು ಹೇಳಬೇಕು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಸಿರು, ರಕ್ತ ತೆಳುವಾಗಿಸುವ ಮಾತ್ರೆ. ಆ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಿ ಬರಬಾರದು.

ಆ ನರಕ್ಕೇ ಮದ್ದು ಚುಚ್ಚಿ ದವಡೆ ಮರಗಟ್ಟಿಸುವ ಉಪಾಯ 1884ರಷ್ಟು ಹಳೆಯದು. ಅದನ್ನು ಮೊದಲು ಮಾಡಿದವರು ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್, ಬಳಸಿದ್ದು ಕೊಕೇನನ್ನು. ತಮ್ಮ ಮೇಲೇ ಪ್ರಯೋಗ ಮಾಡಿಕೊಂಡ ಅವರು ಅದರ ಚಟಕ್ಕೆ ಬಿದ್ದರು. ಈಗ ಎಲ್ಲೆಡೆ ಬಳಸುವ ಲಿಗ್ನೊಕೇನ್ ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾಯಿತು, ಚಟವಿಲ್ಲದ ಮದ್ದು. ಚುಚ್ಚಿದ ಹತ್ತು ನಿಮಿಷದಲ್ಲಿ ಅರ್ಧ ತುಟಿ ತನ್ನದಲ್ಲವೆನ್ನಿಸುತ್ತದೆ. ಆಮೇಲೂ ಒತ್ತಡ ಗೊತ್ತಾಗುತ್ತದೆ, ಸದ್ದು ಕೇಳಿಸುತ್ತದೆ, ನೋವಿರುವುದಿಲ್ಲ. ಇದು ಗೊತ್ತಿಲ್ಲದವರು ಒತ್ತಿದೊಡನೆ ಮದ್ದು ಹಿಡಿದಿಲ್ಲವೆಂದು ಕಿರುಚುತ್ತಾರೆ. ನಿಜವಾಗಿ ನೋವಾದರೆ ಕೈಯೆತ್ತಿದರೆ ಸಾಕು, ಇನ್ನೊಂದು ಚುಚ್ಚು ಕೊಡುತ್ತಾರೆ. ಸಿಕ್ಕಿಕೊಂಡ ಹಲ್ಲನ್ನು ಇಕ್ಕಳದಿಂದ ಎಳೆಯುವುದಿಲ್ಲ. ವಸಡು ಬಿಡಿಸಿ, ನೀರು ಹಾಯಿಸುತ್ತ ಸುತ್ತಲ ಮೂಳೆ ಸ್ವಲ್ಪ ಕೊರೆದು, ಹಲ್ಲನ್ನೇ ಎರಡು ಮೂರು ತುಂಡು ಮಾಡಿ ಒಂದೊಂದಾಗಿ ತೆಗೆದು ಹೊಲಿಗೆ ಹಾಕುತ್ತಾರೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಹಿಡಿಯುತ್ತದೆ. ಮೇಲಿನ ಹಲ್ಲು ಇಷ್ಟು ಕಾಡುವುದಿಲ್ಲ, ಅಲ್ಲಿಯ ಮೂಳೆ ಮೆತ್ತಗೆ.

ಹಲ್ಲು ಹೋದ ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಅಲ್ಲಿಯ ಔಷಧ. ಅದು ಕಿತ್ತುಹೋದರೆ ಮೂಳೆ ಬರಿದಾಗಿ, ಹಲ್ಲುನೋವಿಗಿಂತ ಘೋರವಾದ ನೋವು ಮೂರನೆಯ ನಾಲ್ಕನೆಯ ದಿನ ಶುರುವಾಗಿ ಕಿವಿಯವರೆಗೆ ಏರುತ್ತದೆ. ಆದ್ದರಿಂದ ಮೊದಲ ದಿನ ಉಗುಳಬಾರದು, ಮುಕ್ಕಳಿಸಬಾರದು, ಎಳನೀರನ್ನೂ ಕೊಳವೆಯಲ್ಲಿ ಹೀರಬಾರದು. ಬೀಡಿ ಸಿಗರೇಟಂತೂ ವಾರವಿಡೀ ಬೇಡ. ಮೊಸರನ್ನ, ಆರಿದ ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ ಸಾಕು. ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರು. ಊತ ಎರಡು ಮೂರನೆಯ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುವುದು ಸಹಜ. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಸಹಜವಲ್ಲ, ಕಿತ್ತವರ ಬಳಿಗೇ ಹೋಗಬೇಕು. ಗುಳಿ ತೊಳೆದು ಮದ್ದಿನ ಬತ್ತಿಯಿಟ್ಟರೆ ಸಾಮಾನ್ಯವಾಗಿ ಅದೇ ದಿನ ನೋವು ತಗ್ಗುತ್ತದೆ. ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ.

ಹಲಸೂರಿನ ಆ ಹುಡುಗನ ಲೆಕ್ಕ ಬಾಕಿ ಉಳಿಯಿತು. ಪೂರ್ತಿ ಬೆಳೆದಿದ್ದ ನಾಲ್ಕು ಬುದ್ಧಿಹಲ್ಲುಗಳನ್ನೂ ಕೀಳಿಸಿಕೊಂಡು ಬಂದರೆ 22ರಲ್ಲಿ ನಾಲ್ಕು ಅಂಕ ಹೋಗಿ 18 ಉಳಿಯುತ್ತದೆ. ಸೇನೆ ಕೇಳುವುದು 14.